ಆಶ್ರಯದ ನಾಯಿ–ಬೆಕ್ಕಿಗೆ ಹಾಸನದಲ್ಲಿ ಮನೆ ಹುಡುಕುವುದು: ದುಡ್ಡಿಗಿಂತ ಮೊದಲು ಹದಿನೈದು ದಿನದ ಜಾಗ ಕೇಳಿ

ನಿಮ್ಮ ಪ್ರಶ್ನೆ ಇಷ್ಟು: ಹಾಸನದ ಹೊರವಲಯದಲ್ಲಿ ನಾಲ್ಕೈದು ಜನ ಸೇರಿ ನಡೆಸುವ ಆಶ್ರಯದಲ್ಲಿ 23 ನಾಯಿ, 6 ಬೆಕ್ಕು ಇವೆ. ಫೋಟೊ ಹಾಕಿದರೆ ಲೈಕ್ ಬರುತ್ತವೆ, ಕೇಳಿಕೊಂಡು ಯಾರೂ ಬರುವುದಿಲ್ಲ. ಕೊಟ್ಟವುಗಳಲ್ಲೂ ಕೆಲವು ವಾಪಸ್ ಬಂದಿವೆ. ಊರಿನವರನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳುವುದು ಹೇಗೆ?

ಊರಿನವರ ಹತ್ತಿರ ಈಗ ನೀವು ಕೇಳುತ್ತಿರುವುದು ದುಡ್ಡು ಮತ್ತು ಶೇರ್. ಅದಕ್ಕೆ ಮೊದಲು, ಒಂದು ಪ್ರಾಣಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಹದಿನೈದು ದಿನದ ಮಟ್ಟಿಗೆ ಒಂದು ಕೋಣೆ ಕೇಳಿ ಎನ್ನುವುದು ನನ್ನ ಉತ್ತರ. ಇಪ್ಪತ್ತೆರಡು ನಾಯಿ ಬೊಗಳುವ ಜಾಗದಲ್ಲಿ ಇಪ್ಪತ್ತಮೂರನೆಯದು ಎಂಥದು ಎಂದು ನಿಮಗೇ ಗೊತ್ತಾಗುವುದಿಲ್ಲ. ಬಂದವರು ಕೇಳುವುದೋ ಬಹಳ ಸಣ್ಣ ಪ್ರಶ್ನೆಗಳು: ಕೋಳಿ ಹಿಡಿಯುತ್ತದೆಯೇ, ರಾತ್ರಿ ಅಳುತ್ತದೆಯೇ, ಅಜ್ಜಿಯ ಮೈಮೇಲೆ ಹಾರುತ್ತದೆಯೇ. ಒಂದು ಮನೆಯಲ್ಲಿ ಇದ್ದು ಬಂದ ನಾಯಿಯ ಬಗ್ಗೆ ಮಾತ್ರ ಇದಕ್ಕೆ ಉತ್ತರ ಕೊಡಲು ಸಾಧ್ಯ. ನಾಯಿಗಳು ವಾಪಸ್ ಬರುವುದೂ ಬಹುತೇಕ ಇದೇ ಕಾರಣಕ್ಕೆ. ಹೇಳಿದ್ದು ಒಂದು, ಮನೆಗೆ ಹೋದ ಮೇಲೆ ಕಂಡದ್ದು ಇನ್ನೊಂದು.

ಯಾವುದನ್ನೇ ಆಗಲಿ ತಾತ್ಕಾಲಿಕ ಮನೆಗೆ ಕಳಿಸುವ ಮೊದಲು ಆಶ್ರಯಕ್ಕೆ ಬಂದ ದಿನದಿಂದ 14 ದಿನ ಬೇರೆಯಾಗಿ ಇಟ್ಟಿರಬೇಕು. ಪಾರ್ವೊ ಎಂಬ ಕರುಳಿನ ವೈರಸ್ ಸೋಂಕು ತಗುಲಿ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ವಾಂತಿ, ರಕ್ತಭೇದಿ ಶುರುವಾಗುತ್ತದೆ. ನಾಯಿಗಳ ಇನ್ನೊಂದು ವೈರಸ್ ರೋಗ ಡಿಸ್ಟೆಂಪರ್ ಇನ್ನೂ ನಿಧಾನ. ನಾಲ್ಕು ದಿನ ಲವಲವಿಕೆಯಿಂದ ಇದ್ದ ಮರಿಯನ್ನು ಕೊಟ್ಟು, ಅದು ಐದನೆಯ ದಿನ ಆ ಮನೆಯಲ್ಲಿ ಸತ್ತರೆ, ಆ ಬೀದಿಯಿಂದ ಇನ್ನು ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಪಾರ್ವೊಗೆ ಫಿನಾಯಿಲ್ ಸಾಲದು, ಅದರ ಮೇಲೆ ಬೆಕ್ಕಿಗೆ ಅದು ವಿಷ. ನೆಲವನ್ನು ಮೊದಲು ಸೋಪಿನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣವನ್ನು ಒಂದಕ್ಕೆ ಮೂವತ್ತರಂತೆ, ಎಂದರೆ ಒಂದು ಲೀಟರ್ ನೀರಿಗೆ ಸುಮಾರು 33 ಮಿ.ಲೀ., ಬೆರೆಸಿ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಗಲೀಜಿನ ಮೇಲೆ ನೇರವಾಗಿ ಸುರಿದರೆ ಕೆಲಸ ಮಾಡುವುದಿಲ್ಲ. ನಿನ್ನೆ ಬೆರೆಸಿಟ್ಟದ್ದೂ ಬೇಡ, ದಿನಾ ಹೊಸದು ಮಾಡಿ. ಮಣ್ಣಿನ ನೆಲವನ್ನು ಹೀಗೆ ಶುದ್ಧ ಮಾಡಲು ಆಗುವುದಿಲ್ಲ. ಆದ್ದರಿಂದ ಮರಿಗಳ ಜಾಗವಾದರೂ ಸಿಮೆಂಟಿನದಾಗಿರಲಿ.

ಮರಿಗಳನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರೆ ಮಾಡಬೇಡಿ. ಕಚ್ಚುವುದರ ಮಿತಿ ಅವು ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುತ್ತಲೇ. ಜಂತುಹುಳುವಿನ ಔಷಧಿ ಎರಡು ವಾರದ ವಯಸ್ಸಿನಿಂದ ಎರಡೆರಡು ವಾರಕ್ಕೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಪಾರ್ವೊ–ಡಿಸ್ಟೆಂಪರ್ ಸೇರಿದ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು–ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ರೇಬೀಸ್ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಕಾರ್ಡಿನಲ್ಲಿ ಲಸಿಕೆಯ ಸೀಸೆಯ ಚೀಟಿ ಅಂಟಿಸಿ ವೈದ್ಯರ ಸಹಿ ಇರಲಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದು ನಿಮಗೊಂದು ಬಲ. ಅಲ್ಲಿನ ಚಿಕಿತ್ಸಾಲಯದಲ್ಲಿ ಮಾತನಾಡಿ, ಲಸಿಕೆ ಮತ್ತು ಸಂತಾನಹರಣ ಆಪರೇಷನ್‌ಗೆ ಒಂದು ನಿಗದಿತ ದಿನ ಮಾಡಿಕೊಳ್ಳಲು ನೋಡಿ.

ಈಗ ತಾತ್ಕಾಲಿಕ ಮನೆಯ ವಿಷಯ. ಕೇಳುವಾಗ ಗಡಿ ಸ್ಪಷ್ಟವಾಗಿರಲಿ: ಒಂದೇ ಪ್ರಾಣಿ, 15 ದಿನ, ಕೊನೆಯ ದಿನಾಂಕ ಮೊದಲೇ ಬರೆದದ್ದು. ಆಹಾರ, ತಟ್ಟೆ, ಚೈನು, ಔಷಧಿ, ಹಳೆ ಬೆಡ್‌ಶೀಟು ನಿಮ್ಮದು. ಜಾಗ ಮತ್ತು ಗಮನ ಅವರದು. ಅವಧಿ ಮುಗಿದ ದಿನ ನೀವೇ ಹೋಗಿ ಕರೆತರಬೇಕು. ‘ಇನ್ನೊಂದು ವಾರ ನೋಡಿ’ ಎಂದು ಎಳೆದರೆ ಅವರು ಎರಡನೆಯ ಸಲ ಒಪ್ಪುವುದಿಲ್ಲ, ಪಕ್ಕದ ಮನೆಯವರಿಗೂ ಒಪ್ಪಬೇಡಿ ಎನ್ನುತ್ತಾರೆ. ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವವರು, ಹಿಂದೆ ಸಾಕಿದ್ದ ನಾಯಿ ಸತ್ತು ಇನ್ನೊಂದು ಬೇಡ ಎಂದು ಕೂತವರು, ಇವರನ್ನು ಮೊದಲು ಕೇಳಿ. ಮೂರನೆಯ ಗುಂಪಿನವರು ಜೀವನಪೂರ್ತಿಯ ಹೊಣೆಗೆ ಹೆದರುತ್ತಾರೆ, ಹದಿನೈದು ದಿನಕ್ಕೆ ಹೆದರುವುದಿಲ್ಲ.

ಅವರ ಕೈಗೆ ಒಂದು ನೋಟ್‌ಬುಕ್ ಕೊಡಿ. ಎಷ್ಟು ಹೊತ್ತು ಒಂಟಿಯಾಗಿ ಇರುತ್ತದೆ, ತಟ್ಟೆಯ ಹತ್ತಿರ ಕೈ ಹೋದರೆ ಗುರ್ ಎನ್ನುತ್ತದೆಯೇ, ಬೈಕಿನ ಹಿಂದೆ ಓಡುತ್ತದೆಯೇ, ಮಕ್ಕಳು, ಬೆಕ್ಕು, ಕೋಳಿ, ದನ ಕಂಡರೆ ಏನು ಮಾಡುತ್ತದೆ, ಉಚ್ಚೆಗೆ ಹೊರಗೆ ಹೋಗಬೇಕೆಂದು ಹೇಗೆ ತಿಳಿಸುತ್ತದೆ. ನಿಮ್ಮ ಪೋಸ್ಟನ್ನು ಇದರಿಂದಲೇ ಬರೆಯಿರಿ. ‘ಪಾಪದ ಜೀವಿಗೆ ಮನೆ ಬೇಕು, ದಯವಿಟ್ಟು ಶೇರ್ ಮಾಡಿ’ ಎನ್ನುವುದಕ್ಕೆ ಲೈಕ್ ಬರುವುದು ಸಹಜ. ಅದನ್ನು ಓದಿ ಯಾರೂ ತಮ್ಮ ಮನೆಯನ್ನು ಊಹಿಸಿಕೊಳ್ಳುವುದಿಲ್ಲ. ಹೀಗೆ ಬರೆದು ನೋಡಿ:

‘ಕೆಂಚಿ. ಹೆಣ್ಣು, ಸುಮಾರು 2 ವರ್ಷ, 14 ಕೆ.ಜಿ. ಆಪರೇಷನ್, ರೇಬೀಸ್ ಲಸಿಕೆ ಆಗಿದೆ. ಮನೆಯೊಳಗೆ ಗಲೀಜು ಮಾಡುವುದಿಲ್ಲ. ಐದು ಗಂಟೆ ಒಂಟಿಯಾಗಿ ಇರುತ್ತಾಳೆ. ಕೋಳಿ ಅಟ್ಟುತ್ತಾಳೆ, ಕೋಳಿ ಸಾಕುವ ಮನೆಗೆ ಬೇಡ. ಗುಡುಗಿದರೆ ಮಂಚದ ಕೆಳಗೆ ಸೇರುತ್ತಾಳೆ.’

ಕುಂದನ್ನು ಬರೆದದ್ದರಿಂದ ಕರೆಗಳು ಕಡಿಮೆಯಾಗಬಹುದು, ಆದರೆ ಬಂದ ಕರೆ ಗಟ್ಟಿಯಾಗಿರುತ್ತದೆ. ಫೋಟೊವನ್ನು ಕುಕ್ಕರುಗಾಲಿನಲ್ಲಿ ಕೂತು ನಾಯಿಯ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ, ಬೆಳಗಿನ ಬಿಸಿಲಲ್ಲಿ, ಕಂಬಿ ಕಾಣದಂತೆ. ಗಾತ್ರ ತಿಳಿಯಲು ಮನುಷ್ಯರ ಪಕ್ಕ ನಿಂತದ್ದೊಂದು, ಚೈನಿನಲ್ಲಿ ನಡೆಯುವ ಇಪ್ಪತ್ತು ಸೆಕೆಂಡಿನ ವಿಡಿಯೊ ಒಂದು. ಇದನ್ನು ಬಡಾವಣೆಯ ವಾಟ್ಸಾಪ್ ಗುಂಪುಗಳಿಗೆ, ಹಾಲಿನ ಬೂತಿಗೆ, ಮೆಡಿಕಲ್ ಶಾಪಿಗೆ ಕಳಿಸಿ. ಬೆಂಗಳೂರಿನವರ ಸಾವಿರ ಶೇರಿಗಿಂತ ಸಾಲಗಾಮೆ ರಸ್ತೆಯ ಹತ್ತು ಜನ ನೋಡುವುದು ಮುಖ್ಯ, ಏಕೆಂದರೆ ಮುಂದೆ ಹೋಗಿ ನೋಡಿ ಬರಬೇಕಾದವರು ನೀವು.

ಬಂದವರನ್ನು ಪರೀಕ್ಷಿಸುವಾಗ ನಾನು ಅತಿ ಹೆಚ್ಚು ನೆಚ್ಚುವ ಪ್ರಶ್ನೆ: ‘ಹಿಂದಿನ ನಾಯಿ ಏನಾಯಿತು?’ ಗಾಡಿಗೆ ಸಿಕ್ಕಿತು, ಚಿರತೆ ಹೊತ್ತೊಯ್ದಿತು ಎಂದರೆ ಅದು ತಪ್ಪೊಪ್ಪಿಗೆಯಲ್ಲ, ಪ್ರಾಮಾಣಿಕತೆ. ಮುಂದಿನ ಪ್ರಶ್ನೆ, ಅಂದಿನಿಂದ ಏನು ಬದಲಾಗಿದೆ? ಗೇಟು ಬಂತೆ, ಗೂಡು ಕಟ್ಟಿದ್ದಾರೆಯೇ? ಬಾಡಿಗೆ ಮನೆಯಾದರೆ ಮಾಲೀಕರ ಜೊತೆ ನೀವೇ ಫೋನಿನಲ್ಲಿ ಮಾತನಾಡಿ. ಮಗ ಕೇಳಿದ ಮಾತ್ರಕ್ಕೆ ಕೊಡಬೇಡಿ. ಗುಡಿಸಿ ಒರೆಸುವವರು ಯಾರೋ ಅವರ ಬಾಯಿಂದ ಒಪ್ಪಿಗೆ ಬರಬೇಕು. ಹಬ್ಬಕ್ಕೆ ಊರಿಗೆ ಹೋದಾಗ ಯಾರು ನೋಡುತ್ತಾರೆ ಎಂಬುದಕ್ಕೆ ಒಂದು ಹೆಸರು ಬೇಕು, ‘ನೋಡ್ಕೋತೀವಿ ಬಿಡಿ’ ಸಾಲದು. ಬೆಕ್ಕಿನ ವಿಷಯದಲ್ಲಿ ಊಟ ಕೇಳಲೇಬೇಕು. ಹಾಲು–ಅನ್ನದಲ್ಲಷ್ಟೇ ಬೆಕ್ಕು ಬದುಕಲಾರದು. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಅದರ ಕಣ್ಣು, ಹೃದಯ ಹಾಳಾಗುತ್ತವೆ. ಸಸ್ಯಾಹಾರಿ ಮನೆಯವರು ಬೆಕ್ಕಿನ ಪ್ಯಾಕೆಟ್ ಆಹಾರ ತರಲು ಒಪ್ಪಿದರೆ ಸರಿ, ಇಲ್ಲದಿದ್ದರೆ ಬೇಡ ಎಂದು ವಿನಯದಿಂದ ಹೇಳಿ.

ನಿಮ್ಮ ಜಿಲ್ಲೆಯಲ್ಲಿ ಹೆಚ್ಚು ಬೇಡಿಕೆ ಬರುವುದು ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಿಂದ. ಹಾಗೆಯೇ ಪಕ್ಕದ ಮೂಡಿಗೆರೆ, ಚಿಕ್ಕಮಗಳೂರಿನಿಂದ. ‘ಕಾವಲಿಗೆ ಒಂದು ನಾಯಿ ಬೇಕಿತ್ತು.’ ನೂರು ಎಕರೆ ಹಸಿರು, ಓಡಾಡಲು ಜಾಗ, ಸ್ವರ್ಗದಂತೆ ಕಾಣುತ್ತದೆ. ನಾನಾದರೆ ಇಲ್ಲೇ ಅತಿ ಹೆಚ್ಚು ನಿಧಾನಿಸುತ್ತೇನೆ. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ಊಟ. ಚೈನು ಇದ್ದರೆ ತಪ್ಪಿಸಿಕೊಳ್ಳಲೂ ಆಗದು. ಆನೆ ಕಂಡು ಬೊಗಳುತ್ತಾ ಹೋದ ನಾಯಿ, ಆನೆ ತಿರುಗಿಬಿದ್ದಾಗ ಓಡಿ ಬರುವುದು ಯಜಮಾನನ ಹತ್ತಿರಕ್ಕೇ, ಹಿಂದೆ ಆನೆಯೂ ಬರುತ್ತದೆ. ಕಾಡುಹಂದಿಗೆ ಬೇಲಿಯಂಚಿನಲ್ಲಿ ಒಡ್ಡಿದ ಉರುಳಿಗೆ ಬಿಡಾಡಿ ನಾಯಿ ಸಿಕ್ಕಿಬೀಳುತ್ತದೆ. ಇಲಿ ಪಾಷಾಣದ್ದು ಬೇರೆ ಕಥೆ. ಆದ್ದರಿಂದ ತೋಟಕ್ಕೆ ಕೊಡುವ ಷರತ್ತು: ನಾಲ್ಕು ಅಡಿಗೆ ಆರು ಅಡಿಯ ಗೂಡು, ಸುತ್ತ ಮಾತ್ರವಲ್ಲ ಮೇಲಕ್ಕೂ ವೆಲ್ಡ್ ಮೆಶ್, ಮಳೆಗೆ ತಗಡು, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ, ಕತ್ತಲಾಗುವ ಮೊದಲು ನಾಯಿ ಒಳಗೆ. ಗೂಡು ಕಟ್ಟಿದ ಫೋಟೊ ಬಂದ ಮೇಲೆ ನಾಯಿ ಹೋಗಲಿ. ನೋಡಿಕೊಳ್ಳುವವರು ಮಾಲೀಕರೋ, ರೈಟರೋ (ತೋಟದ ಗುಮಾಸ್ತ), ಲೈನ್ ಮನೆಯವರೋ (ತೋಟದ ಕೆಲಸಗಾರರು) ಎಂಬುದನ್ನೂ ತಿಳಿಯಿರಿ. ಮಾಲೀಕರು ಊರಲ್ಲಿಲ್ಲದೆ, ಕೊಯ್ಲು ಮುಗಿದ ಮೇಲೆ ಕೆಲಸದವರು ಬೇರೆ ತೋಟಕ್ಕೆ ಹೋದರೆ ನಾಯಿ ಅಲ್ಲೇ ಉಳಿಯುತ್ತದೆ.

ಮಲೆನಾಡಿನ ಅಂಚಿನಲ್ಲಿ ಉಣುಗು ಕಟ್ಟಿಟ್ಟ ಬುತ್ತಿ. ಉಣುಗು ಕಚ್ಚಿ ಬರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಒಸಡು ಬಿಳಚುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ಬೇಗ ರಕ್ತಪರೀಕ್ಷೆ ಆದರೆ ಹೆಚ್ಚಿನವು ಉಳಿಯುತ್ತವೆ. ಉಣುಗಿಗೆಂದು ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಬಳಿಯುವುದು ಬೇಡ ಎಂದು ನಾಯಿ ಕೊಡುವ ದಿನವೇ ಹೇಳಿ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಉಣುಗಿನ ಔಷಧಿಯನ್ನು ಅದೇ ಮನೆಯ ಬೆಕ್ಕಿಗೆ ಹಾಕಿದರೆ ಬೆಕ್ಕು ನಡುಗಿ ಸಾಯಬಹುದು ಎಂದು ಬಿಡಿಸಿ ಹೇಳಿ.

ಹೆಣ್ಣು ಮರಿಗಳನ್ನು ಯಾರೂ ಒಯ್ಯುವುದಿಲ್ಲ ಎನ್ನುವ ದೂರಿಗೆ ಉತ್ತರ ಆಪರೇಷನ್ ಒಂದೇ. ಹೆಣ್ಣು ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳಿಗೆ ಮೊದಲ ಸಲ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ. ಒಂದು ದಿನಾಂಕ ತಪ್ಪಿದರೆ ವರ್ಷ ತುಂಬುವುದರೊಳಗೆ ನಿಮ್ಮ ಬಾಗಿಲಲ್ಲಿ ಆರು ಮರಿ. ದೊಡ್ಡವಕ್ಕೆ ಆಪರೇಷನ್ ಮಾಡಿಸಿಯೇ ಕೊಡಿ. ಮರಿಯಾದರೆ ಆರನೆಯ ತಿಂಗಳ ದಿನಾಂಕ ಬರೆದ ಚೀಟಿ, ಜೊತೆಗೆ ಮರಳಿಸುವ ಠೇವಣಿ. ಅಂದು ಕರೆದೊಯ್ದು ತರುವ ಗಾಡಿಯ ವ್ಯವಸ್ಥೆಯನ್ನೂ ನೀವೇ ಮಾಡಿ, ಏಕೆಂದರೆ ಜನ ತಪ್ಪಿಸುವುದು ಬಹಳ ಸಲ ಖರ್ಚಿಗಲ್ಲ, ನಾಯಿಯನ್ನು ಹೇಗೆ ಸಾಗಿಸುವುದು ಎಂಬ ಚಿಂತೆಗೆ.

ಕೊಡುವ ಪತ್ರದಲ್ಲಿ ವಿಳಾಸ, ಗುರುತಿನ ಚೀಟಿಯ ಪ್ರತಿ, ಎರಡು ಫೋನ್ ನಂಬರ್, ಮತ್ತು ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಬೇಡವಾದರೆ ನಮಗೇ ವಾಪಸ್ ಕೊಡಿ, ಯಾವಾಗಲಾದರೂ.’ ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಹಸಿವಿಗೆ ದೂಡಿ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಬೀದಿನಾಯಿಗಳನ್ನು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ದತ್ತು ಪಡೆಯಬಹುದು, ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಈ ಕಾಯ್ದೆ, ಆದೇಶಗಳನ್ನು ಹೆದರಿಸಲು ಬಳಸಬೇಡಿ. ವಾಪಸ್ ತಂದರೆ ಬೈಗುಳ ಕಾದಿದೆ ಎಂದು ಗೊತ್ತಾದವರು ನಿಮ್ಮ ಹತ್ತಿರ ತರುವುದಿಲ್ಲ, ಶಿರಾಡಿ ಘಾಟಿಯ ತಿರುವಿನಲ್ಲಿ ಇಳಿಸಿ ಹೋಗುತ್ತಾರೆ.

ದತ್ತು ಶಿಬಿರ ಮಾಡುವುದಾದರೆ ಮೂರು ಗಂಟೆ ಸಾಕು, ಎಂಟಕ್ಕಿಂತ ಹೆಚ್ಚು ನಾಯಿ ಬೇಡ, ಪ್ರತಿ ನಾಯಿಗೆ ಒಬ್ಬರು. ಲಸಿಕೆ ಪೂರ್ತಿಯಾಗದ ಮರಿಯನ್ನು ನೆಲಕ್ಕೆ ಬಿಡಬೇಡಿ. ಬೆಕ್ಕುಗಳನ್ನು ತರಲೇಬೇಡಿ, ಅವುಗಳ ಫೋಟೊ ಸಾಕು. ಮಹಾರಾಜ ಪಾರ್ಕಿನಂಥ ಬೆಳಗಿನ ವಾಕಿಂಗ್ ಜಾಗ, ಅನುಮತಿ ಪಡೆದು. ಪಕ್ಕದಲ್ಲೇ ಸಾಕುನಾಯಿಗಳಿಗೆ ರೇಬೀಸ್ ಲಸಿಕೆ ಇದ್ದರೆ ನಾಯಿ ಬಲ್ಲವರೇ ಬಂದು ಸೇರುತ್ತಾರೆ. ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನದ ಆಸುಪಾಸು ಪಶುಪಾಲನಾ ಇಲಾಖೆಯ ಜೊತೆ ಸೇರಿ ಮಾಡಬಹುದು. ದೀಪಾವಳಿ, ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಬೇಡ: ಪಟಾಕಿಗೆ ಹೊಸ ನಾಯಿ ಗೋಡೆ ಹಾರುತ್ತದೆ, ಊರೂ ಜನರಿಂದ ತುಂಬಿರುತ್ತದೆ. ಶಿಬಿರದಲ್ಲಿ ಆಯ್ಕೆ ಮಾತ್ರ, ಕೊಡುವುದು ಮನೆ ನೋಡಿದ ಮೇಲೆ. ಅಂದ ಹಾಗೆ ಕಚ್ಚಿದರೆ, ಪರಚಿದರೆ ಸೋಪು–ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕೆನ್ನುವುದು ನಿಮ್ಮ ಪ್ರತಿ ಕಾರ್ಯಕರ್ತರಿಗೂ ಬಾಯಿಪಾಠವಾಗಿರಲಿ.

ಕೊಟ್ಟ ಮೇಲಿನ ಮೊದಲ ಎರಡು ವಾರ ಅತಿ ಸೂಕ್ಷ್ಮ. ತಪ್ಪಿಸಿಕೊಳ್ಳುವ ಅಪಾಯ ಮೊದಲ ದಿನಗಳಲ್ಲೇ ಹೆಚ್ಚು, ಆದ್ದರಿಂದ ಕತ್ತಿನ ಬೆಲ್ಟಿನ ಜೊತೆ ಬಾಡಿ ಬೆಲ್ಟೂ ಇರಲಿ, ಎರಡಕ್ಕೂ ಚೈನು, ಬೆಲ್ಟಿನ ಮೇಲೆ ಫೋನ್ ನಂಬರ್. ಬಂದ ದಿನ ಸ್ನಾನ ಬೇಡ, ನೆಂಟರನ್ನು ಕರೆದು ತೋರಿಸುವುದು ಬೇಡ. ಒಂದೆರಡು ದಿನ ಸರಿಯಾಗಿ ತಿನ್ನದಿರುವುದು ದೊಡ್ಡ ನಾಯಿಗೆ ಸಹಜ. ಮರಿ ಒಂದು ದಿನ ಬಿಟ್ಟರೂ ವೈದ್ಯರಿಗೆ ತೋರಿಸಿ. ಆಶ್ರಯದಲ್ಲಿ ಅನ್ನ–ಮೊಟ್ಟೆ ತಿನ್ನುತ್ತಿದ್ದುದಕ್ಕೆ ಒಮ್ಮೆಲೇ ಮುದ್ದೆ ಇಟ್ಟರೆ ಭೇದಿ, ಮನೆಯವರಿಗೆ ‘ರೋಗದ ನಾಯಿ ಕೊಟ್ಟರು’ ಎಂಬ ಅನುಮಾನ. ಒಂದು ವಾರದ ಹಳೆ ಊಟ ಕಟ್ಟಿಕೊಟ್ಟು ದಿನಕ್ಕಿಷ್ಟು ಬೆರೆಸಲು ಹೇಳಿ. ಬೆಕ್ಕಿಗಾದರೆ ಎರಡು ವಾರ ಒಂದೇ ಕೋಣೆ, ಕಿಟಕಿ ಮುಚ್ಚಿ, ಮರಳಿನ ತಟ್ಟೆ ಇಟ್ಟು.

ಎರಡನೆಯ, ಏಳನೆಯ, ಹದಿನೈದನೆಯ, ತೊಂಬತ್ತನೆಯ ದಿನ ಫೋನ್ ಮಾಡಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಬರುತ್ತದೆ. ‘ನಿನ್ನೆ ರಾತ್ರಿ ಎಲ್ಲಿ ಮಲಗಿತು? ಬೆಳಿಗ್ಗೆ ಎಷ್ಟು ತಿಂದಿತು? ಯಾರ ಮೇಲಾದರೂ ಗುರ್ ಎಂದಿತೇ?’ ಎಂದು ಕೇಳಿ. ‘ಅದೇ ಮೇಡಂ, ಸ್ವಲ್ಪ ಚಪ್ಪಲಿ ಕಚ್ತಿದೆ’ ಎನ್ನುವಲ್ಲಿ ಸಮಸ್ಯೆ ಇನ್ನೂ ಸಣ್ಣದಿರುತ್ತದೆ. ಹತ್ತು ಮನೆಗೆ ಒಬ್ಬರು ಈ ಫೋನಿನ ಹೊಣೆ ಹೊರಲಿ. ಹೊರಗೆ ಓಡಾಡಲಾಗದವರು ಮಾಡಬಹುದಾದ ಒಳ್ಳೆಯ ಸೇವೆ ಇದು.

ದುಡ್ಡಿನ ಲೆಕ್ಕ ತಿಂಗಳಿಗೊಮ್ಮೆ ಗುಂಪಿನಲ್ಲಿ ಹಾಕಿ, ಅಷ್ಟು ಸಾಕು. ಅದರ ಪಕ್ಕದಲ್ಲಿ ಎಷ್ಟು ಕೊಟ್ಟೆವು ಎಂಬುದರ ಬದಲು, ಮೂರು ತಿಂಗಳ ಹಿಂದೆ ಕೊಟ್ಟವುಗಳಲ್ಲಿ ಎಷ್ಟು ಅದೇ ಮನೆಯಲ್ಲಿವೆ ಎಂದು ಬರೆಯಿರಿ. ವಾಪಸ್ ಬಂದದ್ದನ್ನು ಮತ್ತೆ 14 ದಿನ ಬೇರೆ ಇಟ್ಟು, ಬಂದ ಕಾರಣವನ್ನು ಅದೇ ನೋಟ್‌ಬುಕ್ಕಿನಲ್ಲಿ ಸೇರಿಸಿ, ಮುಂದಿನ ಪೋಸ್ಟಿನಲ್ಲಿ ಆ ಸಾಲನ್ನೂ ಹಾಕಿ.