ಕುದುರೆಮುಖದ ಗಣಿ ಜಾಗದಲ್ಲಿ ಶೋಲಾ ಯಾಕೆ ಬರುತ್ತಿಲ್ಲ?

ಗಣಿ ನಿಂತು ಇಷ್ಟು ವರ್ಷವಾದರೂ ಕುದುರೆಮುಖದಲ್ಲಿ ಶೋಲಾ (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡು) ಬಾರದೆ, ಅಕೇಶಿಯಾ ಬಿಟ್ಟರೆ ಬೇರೇನೂ ಯಾಕೆ ಕಾಣುತ್ತಿಲ್ಲ, ಮಣ್ಣು ವಿಷವಾಗಿದೆಯಾ ಅಂತ ಕೇಳಿದ್ದೀರಿ. ವಿಷಕ್ಕಿಂತ ದೊಡ್ಡ ತೊಂದರೆ ಅಲ್ಲಿ ಮಣ್ಣೇ ಇಲ್ಲದಿರುವುದು.

2005ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ನಿಂತಿತು. ಅಲ್ಲಿನದು ಮ್ಯಾಗ್ನೆಟೈಟ್ ಎಂಬ ಕಡಿಮೆ ದರ್ಜೆಯ ಕಬ್ಬಿಣದ ಅದಿರು. ನುಣ್ಣಗೆ ಅರೆದು ಕಬ್ಬಿಣ ತೆಗೆದ ಮೇಲೆ ಉಳಿದದ್ದನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿದರು. ಅದು ಬಹುಪಾಲು ಸಿಲಿಕಾ ಪುಡಿ. ಅದರಲ್ಲಿ ಎಲೆಗೊಬ್ಬರವಿಲ್ಲ, ಸಾರಜನಕ ಇಲ್ಲವೆಂದೇ ಹೇಳಬೇಕು, ಮಣ್ಣಿನ ಜೀವಾಣುಗಳೂ ಅಪರೂಪ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಗಟ್ಟಿ ಹೆಪ್ಪು. ಅಗೆದ ಇಳಿಜಾರುಗಳಲ್ಲಿ ಮೇಲ್ಮಣ್ಣು ಮೊದಲೇ ಹೋಗಿತ್ತು. ಅಲ್ಪಸ್ವಲ್ಪ ಕೂಡಿಕೊಂಡದ್ದನ್ನೂ ಆ ಕಡೆಯ ಮಳೆ ಬಿಡುವುದಿಲ್ಲ.

ಅಕೇಶಿಯಾ ಬದುಕುವುದು ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದುಕೊಡುವುದರಿಂದ. ಮಣ್ಣು ಕೊಚ್ಚಿಹೋಗದಂತೆ ಅದು ತಡೆಯುತ್ತದೆ, ನಿಜ. ಆದರೆ ಅದರ ದಪ್ಪ ಎಲೆ ಬೇಗ ಕೊಳೆಯುವುದಿಲ್ಲ, ಅಡಿಯಲ್ಲಿ ಬೇರೆ ಸಸಿ ಏಳುವುದು ಕಷ್ಟ. ಶೋಲಾದ ನೇರಳೆ ಜಾತಿಯ ಸಸಿಗಳಿಗೆ ನೆರಳು, ತೇವದ ತರಗೆಲೆ, ಬೀಜ ತರುವ ಹಕ್ಕಿ, ಎಲ್ಲವೂ ಬೇಕು. ಹಾಗಾಗಿ ಪಕ್ಕದಲ್ಲಿ ಶೋಲಾ ಉಳಿದಿರುವ ಕಣಿವೆಗಳ ಅಂಚಿನಿಂದಲೇ ಶುರು ಮಾಡುವುದು ಒಳ್ಳೆಯದು.

ಇನ್ನೊಂದು ಮಾತು: ಆ ಗುಡ್ಡಗಳ ನೆತ್ತಿ ಮೊದಲಿನಿಂದಲೂ ಹುಲ್ಲುಗಾವಲು, ಕಾಡು ಇದ್ದದ್ದು ಕಣಿವೆಗಳಲ್ಲಿ. ಮರ ಕಾಣದ ಕಡೆಯೆಲ್ಲ ಗಿಡ ನೆಡುವ ಉತ್ಸಾಹ ನನಗಂತೂ ಹಿಡಿಸುವುದಿಲ್ಲ. ನೆತ್ತಿಗೆ ಸ್ಥಳೀಯ ಹುಲ್ಲಿನ ಬೀಜವೇ ಸರಿ.