ಹಸಿರಾದ ಹಿನ್ನೀರು ಮತ್ತು ಪ್ಲವಕಗಳ ಸಾಕ್ಷ್ಯ

ಪ್ರಶ್ನೆ: ನಮ್ಮ ಊರು ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಮೀಪದಲ್ಲಿದೆ. ಕೆಲವು ವರ್ಷ ಮಳೆಗಾಲ ಕಳೆದ ಮೇಲೆ ನೀರು ದಟ್ಟ ಹಸಿರಾಗುತ್ತದೆ. ರಾಸಾಯನಿಕ ಪರೀಕ್ಷೆಗಳು ಇರುವಾಗ, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳಾದ ಪ್ಲವಕಗಳನ್ನೂ ಎಣಿಸುವುದು ಏಕೆ? ಇಂಥ ನೀರನ್ನು ಕುದಿಸಿ ಕುಡಿದರೆ ಸಾಲದೇ?
— ಓದುಗರೊಬ್ಬರು, ಹೊಸಪೇಟೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಬೇಕು, ಏಕೆಂದರೆ ಅದು ಆರೋಗ್ಯದ ವಿಷಯ. ಕುದಿಸಿದರೆ ಸಾಲದು. ನೀರನ್ನು ಹೀಗೆ ಹಸಿರಾಗಿಸುವ ನೀಲಿ-ಹಸಿರು ಪಾಚಿಗಳಲ್ಲಿ ಮೈಕ್ರೊಸಿಸ್ಟಿಸ್ ಮುಖ್ಯವಾದುದು. ಅದರ ಕೆಲವು ತಳಿಗಳು ಉತ್ಪಾದಿಸುವ ಮೈಕ್ರೊಸಿಸ್ಟಿನ್ ಎಂಬ ವಿಷವು ಯಕೃತ್ತಿಗೆ ಹಾನಿ ಮಾಡುತ್ತದೆ. ಕುದಿಸಿದಾಗ ಪಾಚಿಯ ಕೋಶಗಳು ಒಡೆದು ಒಳಗಿನ ವಿಷ ನೀರಿಗೆ ಸೇರುತ್ತದೆಯೇ ಹೊರತು ನಾಶವಾಗುವುದಿಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದ ನಲ್ಲಿನೀರಿನಲ್ಲಿ ಈ ವಿಷ ಕಂಡುಬಂದಾಗ, ನೀರನ್ನು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಜನರಿಗೆ ಸೂಚಿಸಲಾಗಿತ್ತು.

ಇನ್ನು ಎಣಿಕೆಯ ವಿಚಾರ. ಬಾಟಲಿಯಲ್ಲಿ ತುಂಬಿ ತಂದ ನೀರಿನ ರಾಸಾಯನಿಕ ಪರೀಕ್ಷೆ ಆ ಗಳಿಗೆಯ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಹೊಲಗಳ ಗೊಬ್ಬರದಿಂದಲೂ ಊರುಗಳ ಚರಂಡಿಯಿಂದಲೂ ಹರಿದುಬಂದ ರಂಜಕವೆಂಬ ಪೋಷಕಾಂಶವನ್ನು ಪಾಚಿಯು ಆಗಲೇ ಹೀರಿಕೊಂಡಿದ್ದರೆ, ನೀರಿನಲ್ಲಿ ಕರಗಿದ ರಂಜಕ ಕಡಿಮೆಯೆಂದು ವರದಿ ಬಂದು, ಕೆಟ್ಟ ನೀರೇ ಒಳ್ಳೆಯದೆಂಬ ಭ್ರಮೆ ಹುಟ್ಟಬಹುದು. ಪ್ಲವಕಗಳಾದರೋ ಹಿಂದಿನ ಹಲವು ದಿನಗಳ ನೀರಿನಲ್ಲಿ ಹುಟ್ಟಿ ಬೆಳೆದವು. ಆ ದಿನಗಳ ಬೆಳಕು, ಶಾಖ, ಪೋಷಕಾಂಶಗಳ ಪರಿಣಾಮ ಅವುಗಳ ಸಂಖ್ಯೆಯಲ್ಲಿ ಉಳಿದಿರುತ್ತದೆ.

ನೋಡಬೇಕಾದದ್ದು ಬರೀ ಹಸಿರನ್ನಲ್ಲ, ಯಾವ ಜೀವಿಗಳು ಎಷ್ಟಿವೆ ಎಂಬುದನ್ನು. ಪೋಷಕಾಂಶ ಕಡಿಮೆಯಿರುವ ತಿಳಿನೀರಿನಲ್ಲಿ ಡೆಸ್ಮಿಡ್ ಎಂಬ ಹಸಿರು ಪಾಚಿಗಳೂ ಡಯಾಟಮ್ ಎಂಬ ಸಿಲಿಕಾ ಕವಚದ ಪಾಚಿಗಳ ಹಲವು ಬಗೆಗಳೂ ಸ್ವಲ್ಪ ಸ್ವಲ್ಪವೇ ಇರುತ್ತವೆ. ಕೊಳಚೆ ಸೇರುತ್ತ ಹೋದ ಹಾಗೆ ಬಗೆಗಳು ಕುಗ್ಗಿ, ಯೂಗ್ಲಿನಾ, ಆಸಿಲಟೋರಿಯಾದಂಥ ಕೆಲವೇ ಪಾಚಿಕುಲಗಳು ಹೆಚ್ಚುತ್ತವೆ. ಪ್ರಾಣಿಪ್ಲವಕಗಳಲ್ಲಿ ಬ್ರಾಕಿಯೋನಸ್ ಎಂಬ ರೋಟಿಫರ್ (ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿ) ಮೇಲುಗೈ ಪಡೆಯುತ್ತದೆ. 1969ರಲ್ಲಿ ಪಾಮರ್ ಎಂಬ ವಿಜ್ಞಾನಿ, ಕೊಳಚೆಯನ್ನು ತಾಳಬಲ್ಲ 20 ಪಾಚಿಕುಲಗಳಿಗೆ 1ರಿಂದ 5ರವರೆಗೆ ಅಂಕ ನೀಡಿ, ಮಾದರಿಯಲ್ಲಿ ಕಂಡ ಕುಲಗಳ ಅಂಕಗಳ ಮೊತ್ತ 20 ಅಥವಾ ಅದಕ್ಕಿಂತ ಹೆಚ್ಚಾದರೆ ಸಾವಯವ ಮಾಲಿನ್ಯ ತೀವ್ರವೆಂದು ಪರಿಗಣಿಸುವ ಸೂಚ್ಯಂಕವನ್ನು ರೂಪಿಸಿದರು. ನಮ್ಮ ಅನೇಕ ಕೆರೆ, ಜಲಾಶಯಗಳ ಅಧ್ಯಯನಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ವಿಷದ ಅಳತೆಯಲ್ಲ. ಮೈಕ್ರೊಸಿಸ್ಟಿನ್‌ಗೆ ಪ್ರತ್ಯೇಕ ಪರೀಕ್ಷೆಯೇ ಆಗಬೇಕು. ಜೀವಿತಾವಧಿಯುದ್ದಕ್ಕೂ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ತಾತ್ಕಾಲಿಕ ಮಾರ್ಗದರ್ಶಿ ಮಿತಿ.

ಮಾದರಿಯನ್ನು ಎಲ್ಲಿಂದ ತೆಗೆದರು ಎಂಬುದನ್ನೂ ನೀವು ಅಗತ್ಯವಾಗಿ ಕೇಳಬೇಕು. ಮೈಕ್ರೊಸಿಸ್ಟಿಸ್‌ನ ಕೋಶಗಳಲ್ಲಿ ಅನಿಲ ತುಂಬಿದ ಸೂಕ್ಷ್ಮ ಕೋಶಿಕೆಗಳಿರುವುದರಿಂದ ಅದು ಮೇಲಕ್ಕೆ ತೇಲಿ, ಗಾಳಿ ಬೀಸಿದತ್ತ ಸರಿದು ದಡದಲ್ಲಿ ಕೆನೆಗಟ್ಟುತ್ತದೆ. ನಡುನೀರಿನಿಂದ ಮಾತ್ರ ತಂದ ಮಾದರಿಯಲ್ಲಿ ಈ ಕೆನೆ ಸಿಗುವುದಿಲ್ಲ. ಊರಿನ ದನಕರುಗಳು ನೀರಿಗೆ ಬಾಯಿಡುವುದು ಆ ದಡದಲ್ಲಿಯೇ.