ಓದುಗರ ಪ್ರಶ್ನೆ: ಕನ್ನಡ ಬರೆಯೋಕೆ ಯಾವ ಇಂಕ್ ಪೆನ್ ತಗೋಬೇಕು?

ಪ್ರಶ್ನೆ: ಸರ್ ನಮಸ್ಕಾರ. ನಾನು ಪ್ರೈಮರಿ ಸ್ಕೂಲ್ ಟೀಚರ್. ದಿನಾ ಏಳೆಂಟು ಪುಟ ಕನ್ನಡದಲ್ಲೇ ಬರೀತೀನಿ, ಬಾಲ್ ಪೆನ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತೆ. ಮೂರು ಸಾವಿರದೊಳಗೆ ಒಂದು ಒಳ್ಳೇ ಇಂಕ್ ಪೆನ್ ತಗೋಬೇಕು ಅಂತಿದೀನಿ. ಗೋಲ್ಡ್ ನಿಬ್ಬೇ ಬೇಕಾ? ಮೀಡಿಯಂ ನಿಬ್ ತಗೊಳ್ಳಿ, ಸ್ಮೂತಾಗಿರುತ್ತೆ ಅಂತಾರೆ ಅಂಗಡಿಯವರು. ಹೌದಾ? (ಚಿಕ್ಕಮಗಳೂರು)

ಉತ್ತರ: ಅಂಗಡಿಯವರು ಹೇಳಿದ್ದು ಸುಳ್ಳಲ್ಲ ಮೇಡಂ, ಮೀಡಿಯಂ ನಿಬ್ ಚೆನ್ನಾಗಿ ಜಾರ್ಕೊಂಡು ಹೋಗುತ್ತೆ, ಆದ್ರೆ ನೀವು ಬರೆಯೋದು ಕನ್ನಡ ಅಲ್ವಾ, ಅಲ್ಲೇ ವ್ಯತ್ಯಾಸ ಇರೋದು. ಅಂಗಡೀಲಿ ಎಲ್ರೂ ಒಂದು ಸೈನ್ ಹಾಕಿ ನೋಡ್ತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ನೀವು ದಿನಾ ಬರೆಯೋ ನೋಟ್‌ಬುಕ್ಕನ್ನೇ ತಗೊಂಡ್ಹೋಗಿ ಅದ್ರಲ್ಲಿ ಜ್ಞಾನ, ಕೃಷ್ಣ, ರಾಷ್ಟ್ರ, ಸ್ತ್ರೀ ಅಂತ ನಿಮ್ಮ ಮಾಮೂಲಿ ಸೈಜಲ್ಲಿ ಬರೆದು ನೋಡಿ. ಅಕ್ಷರ ಸಣ್ಣಗಿದ್ರೆ ಮೀಡಿಯಂ ನಿಬ್ಬಲ್ಲಿ ಒತ್ತಕ್ಷರದ ಸುರುಳಿ ಮುಚ್ಚೋಗುತ್ತೆ, 'ಪ' ಯಾವ್ದು 'ಷ' ಯಾವ್ದು ಅಂತ ಮಕ್ಕಳಿಗೆ ಗೊತ್ತಾಗಲ್ಲ. ಅದಕ್ಕೇ ನಾನು ಕನ್ನಡ ಬರೆಯೋರಿಗೆಲ್ಲ ಸಣ್ಣ ಗೆರೆ ಬೀಳೋ ಫೈನ್ ನಿಬ್ ತಗೊಳ್ಳಿ ಅಂತೀನಿ. ಫೈನ್ ಅಂತ ಬರೆದಿದ್ರೂ ಎಲ್ಲಾ ಒಂದೇ ಅಲ್ಲ, ಪೈಲಟ್ ಥರದ ಜಪಾನಿ ಪೆನ್ನಿನ ಫೈನು ಜರ್ಮನಿಯ ಲ್ಯಾಮಿ ಫೈನಿಗಿಂತ ಸಣ್ಣ.

ಗೋಲ್ಡ್ ನಿಬ್ ನಿಮ್ಮ ಬಜೆಟ್ಟಲ್ಲಿ ಬರೋದೂ ಇಲ್ಲ, ಬೇಕಾಗೂ ಇಲ್ಲ. 14 ಕ್ಯಾರೆಟ್ ನಿಬ್ಬಲ್ಲಿ ಚಿನ್ನ ನೂರಕ್ಕೆ 58ರಷ್ಟು ಇರುತ್ತೆ ನಿಜ, ಆದ್ರೆ ಪೇಪರಿಗೆ ತಾಗೋದು ಚಿನ್ನ ಅಲ್ಲ, ತುದೀಲಿ ಬೆಸುಗೆ ಹಾಕಿರೋ ಗಟ್ಟಿ ಲೋಹದ ಸಾಸಿವೆಗಿಂತ ಚಿಕ್ಕ ಒಂದು ಗುಂಡು. ಒಳ್ಳೇ ಸ್ಟೀಲ್ ನಿಬ್ಬಿಗೂ ಅದಿರುತ್ತೆ. ಆ ಗುಂಡನ್ನ ಎಷ್ಟು ನೀಟಾಗಿ ಉಜ್ಜಿದಾರೆ, ಸೀಳಿನ ಎರಡೂ ಕಡ್ಡಿ ಸಮ ಇದೆಯಾ ಅನ್ನೋದ್ರ ಮೇಲೆ ಬರವಣಿಗೆ ನಿಂತಿದೆ. ಲ್ಯಾಮಿ ಸಫಾರಿ 1980ರಿಂದ ಬರ್ತಿದೆ, ಬಾಡಿ ಪ್ಲಾಸ್ಟಿಕ್ಕು, ನಿಬ್ಬು ಸ್ಟೀಲು, ಲಕ್ಷಾಂತರ ಜನ ಅದ್ರಲ್ಲೇ ಬರೀತಿದಾರೆ. ಆದ್ರೆ ಅದು ಹಿಡಿಯೋ ಜಾಗ ತ್ರಿಕೋನ ಥರ ಚಪ್ಪಟೆಯಾಗಿದೆ, ಕೆಲವರ ಕೈಗೆ ಒಗ್ಗೋದೇ ಇಲ್ಲ, ಐದು ನಿಮಿಷ ಹಿಡಿದು ಬರೆದು ಆಮೇಲೆ ದುಡ್ಡು ಕೊಡಿ. ಹಾಗೇ ಕನ್ವರ್ಟರ್, ಅಂದ್ರೆ ಬಾಟ್ಲಿಯಿಂದ ಇಂಕ್ ಎಳ್ಕೊಳ್ಳೋ ಪುಟ್ಟ ಕೊಳವೆ, ಜೊತೇಲಿ ಬರುತ್ತಾ ಕೇಳಿ. ಎಷ್ಟೋ ಪೆನ್ನಿಗೆ ಅದನ್ನ ಬೇರೆ ತಗೋಬೇಕು, ಅದಿಲ್ದೆ ಬಾಟ್ಲಿ ಇಂಕ್ ಹಾಕೋಕಾಗಲ್ಲ, ಇಂಕ್ ತುಂಬಿಸಿಯೇ ಮಾರೋ ಕಾರ್ಟ್ರಿಡ್ಜ್ ತಗೊಂಡೂ ತಗೊಂಡೂ ಸಾಕಾಗುತ್ತೆ.

ಇನ್ನು ಹೆಬ್ಬೆರಳು. ಪೆನ್ ಬದಲಾಯಿಸಿದ ತಕ್ಷಣ ನೋವು ಹೋಗಲ್ಲ ಮೇಡಂ, ಒತ್ತೋ ಅಭ್ಯಾಸ ಬಿಡ್ಬೇಕು. ಬಾಲ್ ಪೆನ್ನಿನ ಇಂಕು ಗಟ್ಟಿ, ಗುಂಡು ಉರುಳಬೇಕು ಅಂದ್ರೆ ಒತ್ತಲೇಬೇಕು. ಇಂಕ್ ಪೆನ್ನಲ್ಲಿ ಹಾಗಲ್ಲ, ನಿಬ್ಬಿನ ಸೀಳಲ್ಲಿ ನಿಂತಿರೋ ಇಂಕನ್ನ ಪೇಪರೇ ಎಳ್ಕೊಳ್ಳುತ್ತೆ, ತಾಗಿಸಿದ್ರೆ ಸಾಕು. ಪೆನ್ನನ್ನ ಸ್ವಲ್ಪ ಹಿಂದಕ್ಕೆ ಮಲಗಿಸಿ ಹಿಡೀರಿ. ಸ್ಕೂಲಿನ ತೆಳು ಪೇಪರಲ್ಲಿ ಇಂಕು ಎಳೆ ಎಳೆಯಾಗಿ ಹರಡಿದ್ರೆ ಪೆನ್ನನ್ನ ಬೈಬೇಡಿ, ಅದು ಪೇಪರಿನ ತಪ್ಪು, ಬೇರೆ ನೋಟ್‌ಬುಕ್ ನೋಡಿ.

ಪ್ರಶ್ನೆ: ನಮ್ಮಪ್ಪನ ಕರೀ ಎಬೊನೈಟ್ ಪೆನ್ ಸಿಕ್ಕಿದೆ, ಫಿಲ್ಲರಲ್ಲಿ ಇಂಕ್ ಹಾಕೋದು. ಇಪ್ಪತ್ತು ವರ್ಷದ ಇಂಕು ಒಳಗೇ ಒಣಗಿದೆ. ಬಿಸಿನೀರಲ್ಲಿ ತೊಳೀಬಹುದಾ? (ತುಮಕೂರು)

ಉತ್ತರ: ದಯವಿಟ್ಟು ಬೇಡ ಸರ್. ಎಬೊನೈಟ್ ಅಂದ್ರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್, ಬಿಸಿನೀರು ತಾಗಿದ್ರೆ ಬಣ್ಣ ಕೆಡುತ್ತೆ. ನಮ್ಮಜ್ಜನ ಪೆನ್ನನ್ನ ನಾನೇ ಹಂಗೆ ತೊಳೆದೆ, ಕಪ್ಪು ಹೋಗಿ ಕಂದು ಆಯ್ತು, ಇವತ್ತಿಗೂ ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸ್ಪಿರಿಟ್ಟೂ ಬೇಡ. ಒಂದು ಲೋಟ ತಣ್ಣೀರಲ್ಲಿ ನಿಬ್ಬು ಮುಳುಗೋವಷ್ಟು ಮಾತ್ರ ಇಡಿ, ನೀರು ನೀಲಿ ಆದಾಗೆಲ್ಲ ಬದಲಾಯಿಸಿ, ಎರಡು ಮೂರು ದಿನ ಆಗ್ಬಹುದು, ನಿಬ್ಬನ್ನ ಕಿತ್ತು ತೆಗೆಯೋಕೆ ಹೋಗ್ಬೇಡಿ. ಆಮೇಲೆ ಪೆನ್ನನ್ನ ತಿರುಗಿಸಿ ಬಿಚ್ಚೋ ಜಾಗಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ. ಒಂದು ವಿಷಯ ನೆನಪಿಟ್ಕೊಳ್ಳಿ, ಈ ಥರ ಪೆನ್ನಲ್ಲಿ ಇಂಕು ಕಾಲು ಭಾಗಕ್ಕೆ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕನ್ನ ತಳ್ಳುತ್ತೆ, ಪೇಪರ್ ಮೇಲೆ ದಪ್ಪ ಹನಿ ಬೀಳುತ್ತೆ. ಅದು ರಿಪೇರಿ ಕೆಲಸ ಅಲ್ಲ, ಅಷ್ಟೊತ್ತಿಗೆ ಇಂಕ್ ತುಂಬಿಸಿಬಿಡಿ. ಡ್ರಾಯಿಂಗ್ ಇಂಕು ಮಾತ್ರ ಯಾವತ್ತೂ ಹಾಕ್ಬೇಡಿ, ಅದ್ರಲ್ಲಿರೋ ಅರಗು ಒಣಗಿದ್ರೆ ಕಥೆ ಮುಗೀತು.

ಪ್ರಶ್ನೆ: ಇನ್ನೊಬ್ಬರಿಗೆ ಕೊಟ್ರೆ ನಿಬ್ಬು ಹಾಳಾಗುತ್ತಾ? (ಹಾಸನ)

ಉತ್ತರ: ಒಂದು ಸೈನಿಗೆ ನಿಬ್ಬು ಸವೆಯಲ್ಲ, ಸವೆಯೋಕೆ ವರ್ಷಗಟ್ಲೆ ಬೇಕು. ಆದ್ರೆ ತಗೊಂಡವರು ಬಾಲ್ ಪೆನ್ ಅನ್ಕೊಂಡು ಒತ್ತಿದ್ರೆ ಕಡ್ಡಿ ಎರಡೂ ಅಗಲ ಆಗುತ್ತೆ, ಅದು ಅರ್ಧ ನಿಮಿಷದ ಕೆಲಸ. ಬ್ಯಾಂಕಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, ಇಲ್ಲ ಅನ್ನೋಕೂ ಆಗಲ್ಲ, ಹಾಗಾಗಿ ನಾನು ಜೇಬಲ್ಲಿ ಒಂದು ಬಾಲ್ ಪೆನ್ನೂ ಇಟ್ಕೊಂಡಿರ್ತೀನಿ.